ಮತ್ತೆ ಅದೇ ಪುಸ್ತಕವೇ?

ಏಪ್ರಿಲ್‌ನಲ್ಲಿ ಶಾಲೆಗಳಿಗೆ ರಜೆ ಸಿಕ್ಕ ಮೇಲೆ ನಮ್ಮಂಥ ಆಪ್ತಸಮಾಲೋಚಕರ ಬಳಿ ಬರುವ ದೂರುಗಳು ಸ್ವಲ್ಪ ಬೇರೆಯಾಗುತ್ತವೆ. ಮೊಬೈಲು, ಊಟ, ಹಟ ಇವೆಲ್ಲ ಇದ್ದೇ ಇರುತ್ತವೆ. ಅವುಗಳ ನಡುವೆ ಒಂದು ದೂರು ಮಾತ್ರ ಸಂಕೋಚಪಟ್ಟುಕೊಂಡು ಬರುತ್ತದೆ. "ಪುಸ್ತಕ ಓದ್ತಾಳೆ ಮೇಡಂ, ಅದರಲ್ಲೇನೂ ತೊಂದರೆ ಇಲ್ಲ. ಆದ್ರೆ ಓದಿದ್ದನ್ನೇ ಓದ್ತಾಳೆ. ಜಯನಗರ ನಾಲ್ಕನೇ ಬ್ಲಾಕಿಗೆ ಕರ್ಕೊಂಡು ಹೋಗಿ ಒಂದು ಚೀಲ ಹೊಸ ಪುಸ್ತಕ ಕೊಡಿಸಿದೀವಿ. ಅವು ಹಾಗೇ ಇವೆ. ಇವಳು ನೋಡಿದ್ರೆ ಮತ್ತೆ ಆ ಹ್ಯಾರಿ ಪಾಟರ್‌ ಮೂರನೇ ಪುಸ್ತಕ ಹಿಡ್ಕೊಂಡು ಸೋಫಾ ಮೇಲೆ ಬಿದ್ದಿರ್ತಾಳೆ." ಇನ್ನೊಂದು ಮನೆಯಲ್ಲಿ ಅದು ‘ಡೈರಿ ಆಫ್‌ ಎ ವಿಂಪಿ ಕಿಡ್‌’. ಮತ್ತೊಂದು ಮನೆಯಲ್ಲಿ, ಅಪರೂಪಕ್ಕೆ, ಬೆನ್ನು ಕಿತ್ತುಹೋದ ‘ಕರ್ವಾಲೊ’.

ಈ ದೂರಿನ ಒಳಗೆ ಎರಡು ಭಯಗಳಿರುತ್ತವೆ. ಮಗು ನಿಂತಲ್ಲೇ ನಿಂತಿದೆ, ಓರಗೆಯವರೆಲ್ಲ ಮುಂದೆ ಹೋಗುತ್ತಿದ್ದಾರೆ ಎಂಬುದು ಒಂದು. ಕಷ್ಟವಾದದ್ದನ್ನು ತಪ್ಪಿಸಿಕೊಳ್ಳುವುದಕ್ಕೆ ಸುಲಭದ್ದರ ಹಿಂದೆ ಅಡಗಿದೆ ಎಂಬುದು ಇನ್ನೊಂದು. ಎರಡೂ ಪ್ರೀತಿಯಿಂದಲೇ ಹುಟ್ಟಿದ ಭಯಗಳು. ಸಂಬಳದಲ್ಲಿ ಉಳಿಸಿ, ವಾರದ ಒಂದೇ ರಜೆಯ ದಿನ ಮಗುವನ್ನು ಪುಸ್ತಕದಂಗಡಿಗೆ ಕರೆದೊಯ್ಯುವ ತಂದೆತಾಯಿಗೆ ಪ್ರೀತಿಯ ಪಾಠ ಯಾರೂ ಹೇಳಬೇಕಾಗಿಲ್ಲ. ಆದರೆ ಈ ಭಯಗಳಿಂದ ನಾವು ಕೈಗೊಳ್ಳುವ ಕ್ರಮಗಳು ಸರಿಯೇ ಎಂದು ಕೇಳಬಹುದು. ಅದಕ್ಕೆ ಮೊದಲು, ಒಂದೇ ಕಾದಂಬರಿಗೆ ಮತ್ತೆ ಮತ್ತೆ ಮರಳುವ ಮಗು ಅಲ್ಲಿ ಏನು ಮಾಡುತ್ತಿರುತ್ತದೆ ಎಂದು ನೋಡೋಣ.

ಕಾದಂಬರಿಯೊಂದನ್ನು ಮೊದಲ ಸಲ ಓದುವಾಗ ತಲೆಯಲ್ಲಿ ಏಕಕಾಲಕ್ಕೆ ಹಲವು ಕೆಲಸ ನಡೆಯುತ್ತಿರುತ್ತದೆ. ಗೊತ್ತಿಲ್ಲದ ಪದವನ್ನು ಊಹಿಸಬೇಕು. ಯಾರು ಯಾರಿಗೆ ಏನಾಗಬೇಕು ಎಂದು ನೆನಪಿಟ್ಟುಕೊಳ್ಳಬೇಕು. ಹತ್ತು ಪುಟದ ಹಿಂದೆ ಬಂದು ಹೋದವನು ಈಗ ಮತ್ತೆ ಬಂದರೆ ಗುರುತು ಹಿಡಿಯಬೇಕು. ಇದಕ್ಕೆಲ್ಲ ಬಳಕೆಯಾಗುವುದನ್ನು ಮನಶ್ಶಾಸ್ತ್ರದಲ್ಲಿ ಕಾರ್ಯಸ್ಮೃತಿ ಎನ್ನುತ್ತಾರೆ. ಅಂದರೆ ಹಿಡಿದ ಕೆಲಸ ಮುಗಿಯುವ ತನಕ ಬೇಕಾದ್ದನ್ನು ಮನಸ್ಸಿನಲ್ಲಿ ಎತ್ತಿಟ್ಟುಕೊಳ್ಳುವ ಜಾಗ. ಈ ಜಾಗ ದೊಡ್ಡವರಲ್ಲೂ ಚಿಕ್ಕದು, ಮಕ್ಕಳಲ್ಲಿ ಇನ್ನೂ ಚಿಕ್ಕದು. ಅದರ ಜತೆಗೆ ‘ಮುಂದೇನಾಯ್ತು’ ಎಂಬ ಆತುರ. ಬೆಂಗಳೂರಿನ ಬನಶಂಕರಿಗೆ ಹೊಸದಾಗಿ ಬಂದವರು ಮೇನು, ಕ್ರಾಸು ಎಂದು ಬೋರ್ಡು ಓದುತ್ತ ಮನೆ ಹುಡುಕುವಾಗ ರಸ್ತೆಯ ಎರಡೂ ಬದಿಯ ಮರಗಳು ಕಣ್ಣಿಗೆ ಬೀಳುವುದಿಲ್ಲ. ದಾರಿ ಗೊತ್ತಾದ ಮೇಲೆ, ಇಲ್ಲೊಂದು ಹೊಂಗೆ ಮರ ಇದೆಯಲ್ಲ ಎಂದು ಕಾಣುತ್ತದೆ. ಮೊದಲ ಓದು ವಿಳಾಸ ಹುಡುಕುವ ಓದು.

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ 1980ರಲ್ಲಿ ಬಂದ ಕಾದಂಬರಿ. ಮಕ್ಕಳಿಗೆಂದು ಬರೆದದ್ದಲ್ಲ. ಆದರೂ ಓದಿನ ರುಚಿ ಹತ್ತಿದ ಹನ್ನೆರಡು ಹದಿಮೂರರ ಮಕ್ಕಳು ಅದನ್ನು ತಮ್ಮದಾಗಿಸಿಕೊಳ್ಳುವುದನ್ನು ನೋಡಿದ್ದೇನೆ. ಮೊದಲ ಸಲ ಅವರಿಗೆ ಕಾಣುವುದು ಹಾರುವ ಓತಿ, ಕಾಡು, ಜೇನು, ಬಿರಿಯಾನಿ ಕರಿಯಪ್ಪನ ತಮಾಷೆ. ಎರಡನೇ ಸಲ ಮಂದಣ್ಣ ಕಾಣತೊಡಗುತ್ತಾನೆ. ಊರಿನವರ ಕಣ್ಣಿಗೆ ಉಪಯೋಗಕ್ಕೆ ಬಾರದ ಈ ಹುಡುಗನಲ್ಲಿ ವಿಜ್ಞಾನಿ ಕರ್ವಾಲೊ ಏನನ್ನು ಕಂಡರು ಎಂಬ ಪ್ರಶ್ನೆ ಹುಟ್ಟುತ್ತದೆ. ಲೆಕ್ಕದಲ್ಲಿ ಹಿಂದೆ ಬಿದ್ದ ಹುಡುಗನೊಬ್ಬನಿಗೆ ಈ ಪ್ರಶ್ನೆ ಎಷ್ಟು ಸ್ವಂತದ್ದಾಗಬಹುದು, ಯೋಚಿಸಿ. ಇನ್ನೊಂದೆರಡು ವರ್ಷ ಕಳೆದು ಓದಿದರೆ, ಜಮೀನಿನ ಕಷ್ಟಕ್ಕೆ ಬೇಸತ್ತು ಎಲ್ಲ ಬಿಟ್ಟು ಹೊರಟುಬಿಡಲೇ ಎನ್ನುವ ನಿರೂಪಕ ಮೊದಲ ಬಾರಿಗೆ ಮುಖ್ಯನಾಗುತ್ತಾನೆ. ಮೊದಲು ಓದುವಾಗ ಆ ಪುಟಗಳನ್ನು ಮಗು ಹಾರಿಸಿಯೇ ಬಿಟ್ಟಿತ್ತು. ಪುಸ್ತಕ ಅದೇ, ಬೆಲೆ ಒಂದೇ ಸಲ ಕೊಟ್ಟದ್ದು, ಒಳಗಿಂದ ಬಂದದ್ದು ಮಾತ್ರ ಮೂರು ಕಾದಂಬರಿ.

ಪುನರಾವರ್ತನೆ ಕಲಿಕೆಗೆ ಏನು ಕೊಡುತ್ತದೆ ಎಂಬುದನ್ನು ಪ್ರಯೋಗದಲ್ಲೂ ನೋಡಿದ್ದಾರೆ. ಇಂಗ್ಲೆಂಡಿನ ಸಸೆಕ್ಸ್‌ ವಿಶ್ವವಿದ್ಯಾಲಯದ ಜೆಸ್ಸಿಕಾ ಹಾರ್ಸ್ಟ್‌ ಮತ್ತು ಸಂಗಡಿಗರು 2011ರಲ್ಲಿ ಮೂರು ವರ್ಷದ ಮಕ್ಕಳಿಗೆ ಕತೆ ಓದಿ ಹೇಳಿದರು. ಒಂದು ಗುಂಪಿಗೆ ಒಂದೇ ಕತೆ ಮತ್ತೆ ಮತ್ತೆ, ಇನ್ನೊಂದು ಗುಂಪಿಗೆ ಬೇರೆ ಬೇರೆ ಕತೆಗಳು. ಹೊಸ ಪದಗಳು ಎರಡೂ ಗುಂಪಿನವರ ಕಿವಿಗೆ ಬಿದ್ದದ್ದು ಅಷ್ಟೇ ಸಲ. ಪದಗಳು ಹೆಚ್ಚು ಉಳಿದದ್ದು ಒಂದೇ ಕತೆ ಕೇಳಿದ ಮಕ್ಕಳಲ್ಲಿ. ಕತೆ ಗೊತ್ತಿದ್ದುದರಿಂದ ಅವರ ಗಮನ ಪದದ ಕಡೆ ಹರಿಯಲು ಬಿಡುವಾಯಿತು ಎಂದು ಇದನ್ನು ಅರ್ಥಮಾಡಿಕೊಳ್ಳಬಹುದು. ಇದು ಚಿಕ್ಕ ಮಕ್ಕಳ ಮೇಲೆ ನಡೆದ ಸಣ್ಣ ಪ್ರಯೋಗ. ಏಳನೇ ತರಗತಿಯ ಕಾದಂಬರಿ ಓದುಗನಿಗೆ ಅದನ್ನು ಹಾಗೆಯೇ ಅನ್ವಯಿಸಲಾಗದು. ಆದರೆ ದಿಕ್ಕು ಅದೇ.

ಇದುವರೆಗಿನದು ಬುದ್ಧಿಯ ಮಾತಾಯಿತು. ಮಗು ಪುಸ್ತಕಕ್ಕೆ ಮರಳಲು ಇದಕ್ಕಿಂತ ಆಳದ ಕಾರಣವೂ ಇರುತ್ತದೆ. ಪೋಷಕರಿಗೆ ಹೆಚ್ಚಾಗಿ ತಪ್ಪಿಹೋಗುವುದು ಅದೇ.

ನಮ್ಮ ಬಡಾವಣೆಗಳ ಹತ್ತು ಹನ್ನೆರಡು ವರ್ಷದ ಮಗುವಿನ ಒಂದು ದಿನವನ್ನು ಗಮನಿಸಿ. ಯಾವಾಗ ಏಳಬೇಕು ಎಂಬುದನ್ನು ಶಾಲೆಯ ವ್ಯಾನು ತೀರ್ಮಾನಿಸುತ್ತದೆ. ಎಷ್ಟು ಹೊತ್ತಿಗೆ ಮನೆ ಸೇರಬೇಕು ಎಂಬುದನ್ನು ಸಿಲ್ಕ್‌ ಬೋರ್ಡ್‌ ಜಂಕ್ಷನ್‌ ತೀರ್ಮಾನಿಸುತ್ತದೆ. ಸಂಜೆ ಟ್ಯೂಷನ್ನು, ಕರಾಟೆ ಅಥವಾ ಕೀಬೋರ್ಡು. ಬಾಡಿಗೆ ಮನೆಯಾದರೆ ಅಗ್ರಿಮೆಂಟ್‌ ಮುಗಿದ ಮೇಲೆ ಎಲ್ಲಿಗೆ ಎಂಬುದು ದೊಡ್ಡವರ ಪಿಸುಮಾತಿನ ವಿಷಯ. ಶಾಲೆಯಲ್ಲಿ ಪ್ರತಿ ಜೂನ್‌ನಲ್ಲಿ ಸೆಕ್ಷನ್‌ ಬದಲಿಸಿ ಗೆಳೆಯರನ್ನು ಕಲಸಿಬಿಡುತ್ತಾರೆ. ಮುಂದೆ ಏನು ಎಂಬುದು ಗೊತ್ತಿಲ್ಲದ, ಗೊತ್ತಿದ್ದರೂ ತನ್ನ ಕೈಯಲ್ಲಿಲ್ಲದ ಇಷ್ಟೆಲ್ಲದರ ನಡುವೆ, ಪ್ರತಿ ತಿರುವೂ ತನಗೆ ಮೊದಲೇ ಗೊತ್ತಿರುವ ಒಂದು ಲೋಕ ಮಗುವಿಗೆ ಸಿಗುತ್ತದೆ. ಅಲ್ಲಿ ಯಾರು ಸಾಯುತ್ತಾರೆ, ಯಾರು ಉಳಿಯುತ್ತಾರೆ, ಯಾವ ಪುಟದಲ್ಲಿ ನಗಬಹುದು ಎಂದು ಅದಕ್ಕೆ ತಿಳಿದಿದೆ. ಹೆದರಿಕೆಯ ಪ್ರಸಂಗವನ್ನೂ ಅದು ಧೈರ್ಯವಾಗಿ ಓದುತ್ತದೆ, ಯಾಕೆಂದರೆ ಅದರಾಚೆ ಏನಿದೆ ಎಂದು ಗೊತ್ತು. ಇದನ್ನು ಪಲಾಯನ ಎನ್ನುವುದು ಅವಸರದ ಮಾತು. ದಣಿದ ಮನಸ್ಸು ಮತ್ತೆ ಹತೋಟಿಗೆ ಬರುವ ಒಂದು ದಾರಿ ಇದು. ಅಮೆರಿಕದ ಮನಶ್ಶಾಸ್ತ್ರಜ್ಞೆ ಜೇ ಡೆರಿಕ್‌ ದೊಡ್ಡವರ ಮೇಲೆ ಮಾಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ, ಪರಿಚಿತ ಕಥಾಲೋಕಕ್ಕೆ ಮರಳುವುದು ದಣಿದ ಆತ್ಮನಿಯಂತ್ರಣವನ್ನು ಚೇತರಿಸುತ್ತದೆ ಎಂಬ ಸೂಚನೆ ಸಿಕ್ಕಿತ್ತು. ಆತ್ಮನಿಯಂತ್ರಣ ಎಂದರೆ ಸಿಟ್ಟನ್ನು ತಡೆಯುವ, ಬೇಡದ ಕೆಲಸಕ್ಕೂ ಕೂರುವ ಶಕ್ತಿ. ಹೋಂವರ್ಕಿಗೆ ಮುಂಚೆ ಹಳೇ ಪುಸ್ತಕದ ಹತ್ತು ಪುಟ ಬೇಕು ಎನ್ನುವ ಮಗು ಸುಮ್ಮನೆ ಕಾಲ ತಳ್ಳುತ್ತಿಲ್ಲದಿರಬಹುದು.

ಕೆಲವು ಸಲ ಮಗುವಿಗೆ ಬೇಕಾದದ್ದು ಇಡೀ ಪುಸ್ತಕವಲ್ಲ, ಅದರ ಒಂದು ಮೂಲೆ. ಬಿಟಿಎಂ ಲೇಔಟಿನ ಕಡೆಯ ಹುಡುಗನೊಬ್ಬ ಆರ್‌.ಕೆ. ನಾರಾಯಣರ ‘ಸ್ವಾಮಿ ಅಂಡ್‌ ಫ್ರೆಂಡ್ಸ್‌’ ಅನ್ನು ಬಿಡದೆ ಓದುತ್ತಿದ್ದ. 1935ರ ಈ ಕಾದಂಬರಿ ಶಂಕರ್‌ನಾಗ್‌ ಅವರ ‘ಮಾಲ್ಗುಡಿ ಡೇಸ್‌’ ಧಾರಾವಾಹಿಯಿಂದಾಗಿ, ಓದದವರಿಗೂ ಆಗುಂಬೆಯ ಬೀದಿಗಳ ಜತೆ ನೆನಪಿದೆ. ತಾಯಿಗೆ ಅನಿಸಿದ್ದು, ಕ್ರಿಕೆಟ್‌ ಹುಚ್ಚಿನ ಹುಡುಗ, ಸ್ವಾಮಿಯ ಕ್ರಿಕೆಟ್‌ ಕ್ಲಬ್ಬಿನ ತಮಾಷೆಗೆ ಓದುತ್ತಿದ್ದಾನೆ ಎಂದು. ಯಾವ ಪುಟ ಜಾಸ್ತಿ ಓದುತ್ತೀಯ ಎಂದು ಕೇಳಿದಾಗ ಅವನು ತೆಗೆದು ತೋರಿಸಿದ್ದು ಕೊನೆಯ ಅಧ್ಯಾಯ. ಮ್ಯಾಚಿಗೆ ಬಾರದೆ ಹೋದ ಸ್ವಾಮಿಯ ಮೇಲೆ ರಾಜಂ ಮುನಿದಿದ್ದಾನೆ; ಅಪ್ಪನಿಗೆ ವರ್ಗವಾಗಿ ಊರು ಬಿಡುತ್ತಿದ್ದಾನೆ; ರೈಲು ಹೊರಡುವ ಹೊತ್ತಿಗೆ ಸ್ವಾಮಿ ಪುಸ್ತಕವೊಂದನ್ನು ಅವನ ಕೈಗೆ ತಲುಪಿಸಲು ಒದ್ದಾಡುತ್ತಾನೆ; ಗೆಳೆಯ ಕ್ಷಮಿಸಿದನೋ ಇಲ್ಲವೋ ಸ್ವಾಮಿಗೆ ಖಚಿತವಾಗುವುದಿಲ್ಲ. ಈ ಹುಡುಗನ ಜೀವದ ಗೆಳೆಯನೂ ಆ ವರ್ಷ ತಂದೆಯ ಕೆಲಸದ ನಿಮಿತ್ತ ಊರು ಬಿಟ್ಟಿದ್ದ. ಹೋಗುವ ಹಿಂದಿನ ವಾರ ಇಬ್ಬರಿಗೂ ಜಗಳವಾಗಿ ಮಾತು ಬಿಟ್ಟಿದ್ದರು. ಮನೆಯಲ್ಲಿ ಈ ವಿಷಯ ಒಂದು ಸಲವೂ ಬಂದಿರಲಿಲ್ಲ. ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಪುಸ್ತಕದ ಕೊನೆಯ ಪುಟಗಳಲ್ಲಿ ಅವನು ಆ ವಿದಾಯವನ್ನು ಮತ್ತೆ ಮತ್ತೆ ಮಾಡಿ ನೋಡುತ್ತಿದ್ದ.

ಎಲ್ಲ ಮರು ಓದಿನ ಹಿಂದೆಯೂ ಇಂಥ ಕತೆ ಇರುತ್ತದೆ ಎಂದು ಭಾವಿಸಬೇಡಿ. ಬಹಳಷ್ಟು ಸಲ ಏನೂ ಇರುವುದಿಲ್ಲ. ಪುಸ್ತಕ ಚೆನ್ನಾಗಿದೆ, ಅಷ್ಟೇ. ಆದರೆ ‘ಎಷ್ಟನೇ ಸಲ?’ ಎಂದು ಕೇಳಿದರೆ ಮಗುವಿಗೆ ತಪ್ಪೊಪ್ಪಿಗೆ ಕೊಟ್ಟಂತಾಗುತ್ತದೆ. ‘ಯಾವ ಪುಟ ಇಷ್ಟ?’ ಎಂದು ಕೇಳಿದರೆ ಮಾತು ಶುರುವಾಗುತ್ತದೆ.

ಮಗುವಿನ ಈ ಅಭ್ಯಾಸ ನಮಗೆ ವಿಚಿತ್ರವಾಗಿ ಕಾಣುವುದೇ ಒಂದು ಸೋಜಿಗ. ಕುಮಾರವ್ಯಾಸ ಭಾರತವನ್ನು ಗಮಕಿಗಳು ಹಾಡುವಾಗ ಕರ್ಣ ಸಾಯುತ್ತಾನೆ ಎಂದು ಗೊತ್ತಿಲ್ಲದೆ ಯಾರೂ ಬಂದು ಕೂತಿರುವುದಿಲ್ಲ. ಯಕ್ಷಗಾನಕ್ಕೆ ಹೋಗುವವರು ಪ್ರಸಂಗ ಗೊತ್ತಿಲ್ಲವೆಂದು ಹೋಗುವುದಿಲ್ಲ. ಗೊತ್ತಿರುವುದರಿಂದಲೇ, ಈ ಸಲದ ಅರ್ಥಧಾರಿ ಏನು ಹೇಳುತ್ತಾನೆ ನೋಡೋಣ ಎಂದು ಹೋಗುತ್ತಾರೆ. ನಮ್ಮ ಅಜ್ಜಿಯರು ‘ಸುಧಾ’ದಲ್ಲಿ ಬಂದ ಧಾರಾವಾಹಿಗಳ ಹಾಳೆ ಕಿತ್ತು, ಬೈಂಡ್‌ ಮಾಡಿಸಿ, ಮಧ್ಯಾಹ್ನದ ಹೊತ್ತು ಮತ್ತೆ ಮತ್ತೆ ಓದಿದವರು. ತ್ರಿವೇಣಿಯವರ ‘ಶರಪಂಜರ’ವನ್ನು ಓದಿದವರೇ 1971ರಲ್ಲಿ ಪುಟ್ಟಣ್ಣನವರ ಸಿನಿಮಾಕ್ಕೂ ಹೋದರು, ಬಂದು ಮತ್ತೆ ಕಾದಂಬರಿ ತೆಗೆದರು. ಅವರನ್ನು ಯಾರೂ ಹಿಂದುಳಿದ ಓದುಗರು ಎನ್ನಲಿಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಬಂತು. ಅದನ್ನು ಒಮ್ಮೆ ಓದಿ ಮುಗಿಸಿದೆ ಎನ್ನುವವರ ಮಾತನ್ನು ನಾನಂತೂ ಪೂರ್ತಿ ನಂಬುವುದಿಲ್ಲ. ಒಬ್ಬನೇ ನಾಯಕನಿಲ್ಲದ, ಅಷ್ಟೊಂದು ಮನೆ, ಅಷ್ಟೊಂದು ಜನ ಇರುವ ಆ ಕಾದಂಬರಿಯಲ್ಲಿ ಮೊದಲ ಸಲ ಯಾರು ಯಾವ ಮನೆಯವರು ಎಂದು ಗುರುತಿಟ್ಟುಕೊಳ್ಳುವುದೇ ಸಾಹಸ. ನಾಯಿಗುತ್ತಿಯ ಹಿಂದೆ ಬರುವ ಹುಲಿಯ ಎಂಬ ನಾಯಿ ಎಷ್ಟು ದೊಡ್ಡ ಪಾತ್ರ ಎಂಬುದು ಎರಡನೇ ಸಲವೇ ತಿಳಿಯುವುದು.

ದೊಡ್ಡವರು ಯಾಕೆ ಮರಳುತ್ತಾರೆ ಎಂಬುದನ್ನೂ ಅಧ್ಯಯನ ಮಾಡಿದವರಿದ್ದಾರೆ. ಕ್ರಿಸ್ಟಲ್‌ ರಸೆಲ್‌ ಮತ್ತು ಸಿಡ್ನಿ ಲೆವಿ 2012ರಲ್ಲಿ, ಒಂದೇ ಪುಸ್ತಕ, ಒಂದೇ ಸಿನಿಮಾ, ಒಂದೇ ಊರಿಗೆ ಬೇಕೆಂದೇ ಮರಳುವವರನ್ನು ಮಾತಾಡಿಸಿ ಪ್ರಬಂಧ ಬರೆದರು. ಹಳೆಯ ನೆನಪಿನ ಹಂಬಲ ಒಂದೇ ಅಲ್ಲ, ತಾನು ಎಷ್ಟು ಬದಲಾಗಿದ್ದೇನೆ ಎಂದು ಅಳೆದುಕೊಳ್ಳಲೂ ಜನ ಮರಳುತ್ತಾರೆ ಎಂಬುದು ಅವರು ಕಂಡುಕೊಂಡ ಒಂದು ಸಂಗತಿ. ಮಕ್ಕಳ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಹತ್ತರಿಂದ ಹದಿಮೂರರವರೆಗೆ ಮಗು ಬದಲಾಗುವ ವೇಗಕ್ಕೆ, ಬದಲಾಗದ ಒಂದು ವಸ್ತು ಎದುರಿಗಿರುವುದು ಒಳ್ಳೆಯದೇ.

ಇನ್ನು ಕನ್ನಡದ ಮಾತು. ಜಯನಗರ, ಜೆ.ಪಿ. ನಗರದ ಮನೆಗಳಲ್ಲಿ ಇದನ್ನು ಬಿಟ್ಟು ಓದಿನ ಬಗ್ಗೆ ಮಾತಾಡಿದರೆ ಅರ್ಧ ಹೇಳಿದಂತೆ. ಇಂಗ್ಲಿಷ್‌ ಮಾಧ್ಯಮದಲ್ಲಿ ಓದುವ, ಮನೆಯಲ್ಲಿ ಚೆನ್ನಾಗಿ ಕನ್ನಡ ಮಾತಾಡುವ ಮಗು, ಕನ್ನಡ ಪುಸ್ತಕವನ್ನು ಎರಡು ಪುಟ ಓದಿ ಮುಚ್ಚಿಡುತ್ತದೆ. "ಬೋರಾಗತ್ತೆ" ಅನ್ನುತ್ತದೆ. ನಾವು ಅದನ್ನು ಭಾಷೆಯ ಮೇಲಿನ ಅಸಡ್ಡೆ ಎಂದು ತಿಳಿಯುತ್ತೇವೆ, ಬೇಸರಪಡುತ್ತೇವೆ, ಒಮ್ಮೊಮ್ಮೆ ಬೈಯುತ್ತೇವೆ. ನಿಜವಾದ ಅಡ್ಡಿ ಸಾಮಾನ್ಯವಾಗಿ ವೇಗದ್ದು. ಇಂಗ್ಲಿಷ್‌ ಪುಟವೊಂದನ್ನು ಕಣ್ಣು ಹಾಯಿಸಿದಂತೆ ಓದುವ ಮಗು ಕನ್ನಡದ ಒತ್ತಕ್ಷರಗಳಲ್ಲಿ ಎಡವುತ್ತದೆ. ಉದ್ದದ ಕೂಡುಪದವೊಂದನ್ನು ಬಿಡಿಸಿಕೊಳ್ಳುವ ಹೊತ್ತಿಗೆ ವಾಕ್ಯದ ಆರಂಭ ಮರೆತಿರುತ್ತದೆ. ಮೇಲೆ ಹೇಳಿದ ಕಾರ್ಯಸ್ಮೃತಿಯ ಚಿಕ್ಕ ಜಾಗವೆಲ್ಲ ಅಕ್ಷರಕ್ಕೇ ಖರ್ಚಾಗಿ, ಕತೆಗೆ ಏನೂ ಉಳಿಯುವುದಿಲ್ಲ. ಕತೆ ಸಿಗದ ಓದು ಬೋರಾಗದೆ ಇನ್ನೇನಾದೀತು? ಜತೆಗೆ ಪುಸ್ತಕದ ಕನ್ನಡ ಬೆಂಗಳೂರಿನ ಮನೆಮಾತಲ್ಲ. ಮಲೆನಾಡಿನ ಪದ, ಕರಾವಳಿಯ ಪದ, ತೋಟದ್ದು, ಗದ್ದೆಯದ್ದು ಬರುತ್ತವೆ.

ಇಲ್ಲಿ ಮರು ಓದು ಒಂದು ಚಿಕಿತ್ಸೆಯೇ ಆಗಬಲ್ಲದು. ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದ ಜೇ ಸ್ಯಾಮ್ಯುಯೆಲ್ಸ್‌ 1979ರಲ್ಲಿ ವಿವರಿಸಿದ ವಿಧಾನವೊಂದಿದೆ. ಓದಿನಲ್ಲಿ ತಡವರಿಸುವ ಮಕ್ಕಳಿಗೆ ಚಿಕ್ಕದೊಂದು ಭಾಗವನ್ನು ಕೊಟ್ಟು, ಸರಾಗವಾಗುವವರೆಗೆ ಅದನ್ನೇ ಮತ್ತೆ ಓದಿಸುವುದು, ಆಮೇಲೆ ಮುಂದಿನ ಭಾಗ. ಅವರು ಗಮನಿಸಿದ ಮುಖ್ಯ ಸಂಗತಿ ಎಂದರೆ, ಒಂದು ಭಾಗದಲ್ಲಿ ಗಳಿಸಿದ ಸರಾಗತೆ ಆ ಭಾಗಕ್ಕೇ ನಿಲ್ಲುವುದಿಲ್ಲ. ಹೊಸ ಭಾಗಕ್ಕೆ ಬಂದಾಗ ಮೊದಲಿಗಿಂತ ಕಡಿಮೆ ಸಲ ಓದಿದರೆ ಸಾಕಾಗುತ್ತದೆ. ಒಂದೇ ಪುಸ್ತಕದಲ್ಲಿ ಕೂತ ಮಗು ಮುಂದಿನ ಪುಸ್ತಕಕ್ಕೆ ತಯಾರಾಗುತ್ತಿರುತ್ತದೆ ಎಂದು ಹೇಳಲು ಇದಕ್ಕಿಂತ ಒಳ್ಳೆಯ ಆಧಾರ ನನಗೆ ಗೊತ್ತಿಲ್ಲ.

ಮನೆಯಲ್ಲಿ ಇದನ್ನು ಹೀಗೆ ಮಾಡಬಹುದು. ಮೊದಲು ನೀವು ಒಂದು ಅಧ್ಯಾಯ ಗಟ್ಟಿಯಾಗಿ ಓದಿ ಹೇಳಿ. ಮಗು ಕೇಳಲಿ, ನಗಲಿ, ಕತೆ ಅದರದಾಗಲಿ. ಅಕ್ಷರದ ಕಷ್ಟ ಆ ಹೊತ್ತಿಗೆ ನಿಮ್ಮದು. ಒಂದೆರಡು ದಿನ ಬಿಟ್ಟು ಅದೇ ಅಧ್ಯಾಯವನ್ನು ಮಗು ಓದಲಿ. ಕತೆ ಗೊತ್ತಿರುವುದರಿಂದ ಮುಂದಿನ ಪದ ಏನಿರಬಹುದೆಂದು ಅದು ಊಹಿಸುತ್ತದೆ, ಊಹೆ ಸರಿಯಾದಾಗ ಅಕ್ಷರದ ಆಕಾರ ಕಣ್ಣಿಗೆ ಕೂರುತ್ತದೆ. ತಪ್ಪು ಓದಿದಲ್ಲಿ ಪ್ರತಿ ಸಲ ನಿಲ್ಲಿಸಬೇಡಿ. ಅರ್ಥ ಕೆಟ್ಟರೆ ಮಾತ್ರ ಹೇಳಿ. ಇಡೀ ‘ಕರ್ವಾಲೊ’ ಭಾರವೆನಿಸಿದರೆ ತೇಜಸ್ವಿಯವರ ‘ಪರಿಸರದ ಕತೆ’ಯ ಒಂದು ಬಿಡಿ ಬರಹದಿಂದ ಶುರುಮಾಡಿ. ಇನ್ನೂ ಚಿಕ್ಕವರಿಗೆ ಮಕ್ಕಳಿಗೆಂದೇ ಬರೆದ ಕಾದಂಬರಿಗಳಿವೆ. ಶರಾವತಿ ಕಣಿವೆಯ ಮುಳುಗಡೆಯ ನೋವನ್ನು ಬರೆದ ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ 2011ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆದ ಪುಸ್ತಕ. ಕನ್ನಡ ಓದಲು ನೀವೇ ತಡವರಿಸುತ್ತೀರಾ? ಹಾಗಿದ್ದರೆ ಇನ್ನೂ ಒಳ್ಳೆಯದು. ಮನೆಯಲ್ಲಿ ಅಜ್ಜಿಯೋ ತಾತನೋ ಇದ್ದರೆ ಓದುವ ಕೆಲಸ ಅವರಿಗೆ ಬಿಟ್ಟು ನೀವೂ ಮಗುವಿನ ಪಕ್ಕ ಕೂತು ಕೇಳಿ.

ಈಗ ನಾವು ಸಾಮಾನ್ಯವಾಗಿ ಮಾಡುವ ಕೆಲವು ಕ್ರಮಗಳನ್ನು ನೋಡೋಣ. ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ಎಣಿಕೆ. ಬೇಸಿಗೆಯಲ್ಲಿ ಇಪ್ಪತ್ತು ಪುಸ್ತಕ ಓದಿದರೆ ಬಹುಮಾನ ಎನ್ನುವ ಸ್ಪರ್ಧೆಗಳು, ಓದಿದ ಪುಸ್ತಕದ ಹೆಸರು ಬರೆದು ಟೀಚರ್‌ ಸಹಿ ಹಾಕಿಸುವ ಪಟ್ಟಿಗಳು, ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್‌ ಗುಂಪಿನಲ್ಲಿ ಯಾರ ಮಗು ಎಷ್ಟು ಮುಗಿಸಿತು ಎಂಬ ಸುದ್ದಿ. ಇವುಗಳ ಉದ್ದೇಶ ಒಳ್ಳೆಯದೇ. ಆದರೆ ಎಣಿಕೆಯಲ್ಲಿ ಮರು ಓದಿಗೆ ಸೊನ್ನೆ ಅಂಕ. ಮಗು ಬೇಗ ಕಲಿಯುವ ಪಾಠ, ತೆಳ್ಳನೆಯ ಪುಸ್ತಕ ಆರಿಸಿಕೊಳ್ಳುವುದು ಮತ್ತು ಬೇಗ ಮುಗಿಸುವುದು. ಶಾಲೆಯವರು ಪಟ್ಟಿ ಕೇಳಿದರೆ ಮರು ಓದನ್ನೂ ಒಂದು ಸಾಲಾಗಿ ಬರೆಯಿಸಿ, ‘ಎರಡನೇ ಓದು’ ಎಂದು ಪಕ್ಕದಲ್ಲಿ ಹಾಕಿಸಿ. ಟೀಚರ್‌ ಹತ್ತಿರ ಒಂದು ಮಾತು ಹೇಳಿದರೆ ಹೆಚ್ಚಿನವರು ಒಪ್ಪುತ್ತಾರೆ.

ಪುಸ್ತಕವನ್ನು ಬಚ್ಚಿಡುವುದು ಇನ್ನೊಂದು. ಹೊಸದು ಒಂದು ಮುಗಿಸಿದರೆ ಹಳೆಯದು ವಾಪಸ್‌ ಎಂಬ ಷರತ್ತಿನಲ್ಲಿ ಹೊಸ ಪುಸ್ತಕ ಶಿಕ್ಷೆಯಾಗುತ್ತದೆ, ಹಳೆಯದು ಇನ್ನಷ್ಟು ಪ್ರಿಯವಾಗುತ್ತದೆ. ನಾವು ಬಯಸಿದ್ದಕ್ಕೆ ಪೂರಾ ತಿರುಗುಮುರುಗು. ಮೂರನೆಯದು ಪುಸ್ತಕ ಮುಗಿದ ಕೂಡಲೇ ‘ಇದರಿಂದ ಏನು ಕಲಿತೆ?’ ಎಂದು ಕೇಳುವುದು. ಕಾದಂಬರಿಯನ್ನು ನೀತಿಕತೆಯ ಮಟ್ಟಕ್ಕೆ ಇಳಿಸುವ ಪ್ರಶ್ನೆ ಇದು. ಇದರ ಬಗ್ಗೆ ಹೆಚ್ಚು ಹೇಳುವ ಅಗತ್ಯ ಕಾಣುವುದಿಲ್ಲ. ನಾವು ಸಿನಿಮಾ ನೋಡಿ ಹೊರಬಂದಾಗ ಯಾರಾದರೂ ಹೀಗೆ ಕೇಳಿದರೆ ಹೇಗಿರುತ್ತದೆ ಎಂದು ನೆನೆದರೆ ಸಾಕು.

ಹಾಗಾದರೆ ಮಗು ಹೊಸ ಪುಸ್ತಕಕ್ಕೆ ಹೋಗುವುದು ಯಾವಾಗ? ತಾನಾಗಿ ಹೋಗುತ್ತದೆ, ಆದರೆ ಬಾಗಿಲು ಹತ್ತಿರದಲ್ಲಿದ್ದರೆ. ಹೊಸ ಪುಸ್ತಕ ಆರಿಸುವಾಗ ‘ಇದರ ಮುಂದಿನ ಮಟ್ಟ ಯಾವುದು’ ಎಂದು ಹುಡುಕುವ ಬದಲು ‘ಇದರ ನೆಂಟ ಯಾರು’ ಎಂದು ಹುಡುಕಿ. ಸ್ವಾಮಿ ಇಷ್ಟವಾದವರಿಗೆ ನಾರಾಯಣರ ಮಾಲ್ಗುಡಿಯ ಬೇರೆ ಕತೆಗಳು. ‘ಕರ್ವಾಲೊ’ ಇಷ್ಟವಾದವರಿಗೆ ತೇಜಸ್ವಿಯವರದೇ ‘ಮಿಸ್ಸಿಂಗ್‌ ಲಿಂಕ್‌’, ಸ್ವಲ್ಪ ದೊಡ್ಡವರಾದ ಮೇಲೆ ‘ಜುಗಾರಿ ಕ್ರಾಸ್‌’. ಅದೇ ಲೇಖಕ, ಅದೇ ದನಿ. ಅರ್ಧ ಪರಿಚಿತ, ಅರ್ಧ ಹೊಸತು. ಹೊಸದನ್ನು ಹಳೆಯದರ ಪಕ್ಕದಲ್ಲಿ ಇಟ್ಟು ಸುಮ್ಮನಿರಿ. ಸುಮ್ಮನಿರುವುದೇ ಕಷ್ಟ ಎಂಬುದು ನನಗೂ ಗೊತ್ತು.

ಹೊಸ ಪುಸ್ತಕವೇ ಆಗಬೇಕೆಂದೂ ಇಲ್ಲ. ‘ಕರ್ವಾಲೊ’ ಹಿಡಿದು ಕೂತ ಮಗುವನ್ನು ಒಂದು ಭಾನುವಾರ ಬೆಳಿಗ್ಗೆ ಕನಕಪುರ ರಸ್ತೆ ಕಡೆಯ ತುರಹಳ್ಳಿ ಕಾಡಿಗೆ ಕರೆದೊಯ್ಯಿರಿ. ಹಾರುವ ಓತಿ ಅಲ್ಲಿ ಸಿಗುವುದಿಲ್ಲ, ಅದು ಪಶ್ಚಿಮ ಘಟ್ಟದ ಪ್ರಾಣಿ. ಅದಕ್ಕೆ ಹಕ್ಕಿಯಂಥ ರೆಕ್ಕೆಯೂ ಇಲ್ಲ. ಉದ್ದಕ್ಕೆ ಚಾಚಿದ ಪಕ್ಕೆಲುಬುಗಳ ನಡುವಿನ ಚರ್ಮ ಹರಡಿಕೊಂಡು ಮರದಿಂದ ಮರಕ್ಕೆ ತೇಲುತ್ತದೆ. ಆದರೆ ತುರಹಳ್ಳಿಯ ಬಂಡೆಗಳ ಮೇಲೆ ಬಿಸಿಲು ಕಾಯುವ ಓತಿಕ್ಯಾತ ಸಿಗುತ್ತದೆ. ಅದನ್ನು ಅರ್ಧ ಗಂಟೆ ನೋಡಿ ಬಂದ ಮಗು ಮತ್ತೆ ಅದೇ ಪುಸ್ತಕ ತೆರೆದರೆ, ಆ ಓದು ಹಿಂದಿನದ್ದರ ನಕಲಾಗಿರುವುದಿಲ್ಲ. ಜೆ.ಪಿ. ನಗರದ ರಂಗಶಂಕರದಲ್ಲಿ ಮಕ್ಕಳ ನಾಟಕಗಳಾಗುತ್ತವೆ. ಮಗುವಿಗೆ ಗೊತ್ತಿರುವ ಕತೆಯೇನಾದರೂ ರಂಗಕ್ಕೆ ಬಂದರೆ ಬಿಡಬೇಡಿ. ‘ಪುಸ್ತಕದಲ್ಲಿ ಹೀಗಿಲ್ಲ’ ಎಂದು ಅದು ಮನೆತನಕ ವಾದಿಸುತ್ತ ಬರುತ್ತದೆ. ವಿಮರ್ಶೆ ಶುರುವಾಗುವುದು ಅಲ್ಲಿಂದಲೇ.

ಗಮನ ಕೊಡಬೇಕಾದ ಸಂದರ್ಭಗಳೂ ಇವೆ. ಪುಸ್ತಕಕ್ಕೆ ಮರಳುವುದು ಸಮಸ್ಯೆಯಲ್ಲ, ಬೇರೆಲ್ಲದರಿಂದ ದೂರವಾಗುವುದು ಸಮಸ್ಯೆ. ಊಟ, ನಿದ್ದೆ ಕೆಟ್ಟಿದೆಯೇ, ಇದ್ದ ಗೆಳೆಯರನ್ನೂ ಬಿಟ್ಟಿದೆಯೇ, ಶಾಲೆಗೆ ಹೋಗಲು ಹಟ ಮಾಡುತ್ತಿದೆಯೇ, ಸಾವು ಅಥವಾ ಹಿಂಸೆಯ ಒಂದೇ ಪ್ರಸಂಗವನ್ನು ವಾರಗಟ್ಟಲೆ ಓದಿ ಅಳುತ್ತಿದೆಯೇ ನೋಡಿ. ಚಿಕ್ಕ ವಯಸ್ಸಿನಿಂದಲೂ ಊಟ, ಬಟ್ಟೆ, ಹೋಗುವ ದಾರಿ ಎಲ್ಲದರಲ್ಲೂ ಒಂದಿಷ್ಟೂ ಬದಲಾವಣೆ ಸಹಿಸದ, ಇತರರೊಡನೆ ಬೆರೆಯಲು ಕಷ್ಟಪಡುವ ಮಗುವಾದರೆ ಅದು ಪುಸ್ತಕದ ಪ್ರಶ್ನೆಯಲ್ಲ. ಮಕ್ಕಳ ಬೆಳವಣಿಗೆಯನ್ನು ನೋಡುವ ವೈದ್ಯರಿಗೆ ಒಮ್ಮೆ ತೋರಿಸಿ. ಸರ್ಕಾರದ ಟೆಲಿ ಮಾನಸ್‌ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ದಕ್ಷಿಣ ಬೆಂಗಳೂರಿನವರಿಗೆ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗವೂ ದೂರವಲ್ಲ. ಅಲ್ಲಿಗೆ ಹೋಗಿ ಕೇಳುವುದು ಮಗುವಿಗೆ ಹಣೆಪಟ್ಟಿ ಕಟ್ಟಿದಂತಲ್ಲ. ಹೆಚ್ಚಿನ ಮನೆಗಳಿಗೆ ಇದರ ಅಗತ್ಯವೇ ಬೀಳುವುದಿಲ್ಲ.

ಕೊನೆಯದಾಗಿ ಒಂದು ಮನೆವಾರ್ತೆಯ ವಿಷಯ. ಗ್ರಂಥಾಲಯದ ಪುಸ್ತಕ ಹೊಸದನ್ನು ರುಚಿ ನೋಡಲು ಸರಿ. ಆಸ್ತಿ ತೆರಿಗೆಯ ಜತೆ ಗ್ರಂಥಾಲಯ ಕರವನ್ನೂ ಕಟ್ಟುತ್ತೇವಲ್ಲ, ಬಡಾವಣೆಯ ಗ್ರಂಥಾಲಯವನ್ನು ಧಾರಾಳವಾಗಿ ಬಳಸಿಕೊಳ್ಳಿ. ಆದರೆ ಮಗು ಎರಡನೇ ಸಲ ಕೇಳಿ ತರಿಸಿಕೊಂಡ ಪುಸ್ತಕವನ್ನು ಕೊಂಡುಬಿಡಿ, ವಾಪಸ್‌ ಕೊಡುವ ತಾರೀಕಿನ ಹಂಗು ಅದಕ್ಕೆ ಬೇಡ. ಪುಟ ಸಡಿಲವಾದರೆ ಬೈಂಡ್‌ ಮಾಡಿಸಿಕೊಡಿ. ಮನೆ ಬದಲಿಸುವಾಗ ‘ಇದು ಚಿಕ್ಕ ಮಕ್ಕಳದು, ಆಗಲೇ ಎಲ್ಲ ಓದಿ ಆಗಿದೆ’ ಎಂದು ರದ್ದಿಗೆ ಹಾಕುವ ರಾಶಿಯನ್ನು ಒಮ್ಮೆ ಮಗುವಿಗೆ ತೋರಿಸಿ, ಬೇಕಾದ್ದನ್ನು ಎತ್ತಿಕೊಳ್ಳಲು ಬಿಡಿ. ಅದು ಎತ್ತಿಕೊಂಡ ಪುಸ್ತಕಗಳನ್ನು ಪ್ಯಾಕರ್ಸ್‌ನವರ ಲಾರಿಗೆ ಹಾಕಬೇಡಿ, ಕೈಚೀಲದಲ್ಲಿ ಜತೆಗೇ ಇಟ್ಟುಕೊಳ್ಳಿ. ಹೊಸ ಮನೆಯಲ್ಲಿ ಪೆಟ್ಟಿಗೆಗಳನ್ನು ಬಿಚ್ಚುವುದಕ್ಕೆ ವಾರ ಹಿಡಿಯುತ್ತದೆ, ಮಗುವಿಗೆ ಅವು ಮೊದಲ ರಾತ್ರಿಯೇ ಬೇಕಾಗುತ್ತವೆ.